ಗುಂಡಿಗೆ ಹಾಕದ ನೀರು

ನಮ್ಮ ಮನೆಯ ಹಿತ್ತಲಲ್ಲಿ, ಬಚ್ಚಲ ಗೋಡೆಯ ಪಕ್ಕ ಒಂದು ಚಪ್ಪಡಿ ಕಲ್ಲಿದೆ. ಅದರ ಕೆಳಗೆ ಅರ್ಥಿಂಗ್ ಗುಂಡಿ. ಶಿಡ್ಲಘಟ್ಟದಲ್ಲಿ ಈ ಮನೆ ಕಟ್ಟಿಸುವಾಗ ಅಪ್ಪ ತಾವೇ ನಿಂತು ಅದನ್ನು ತೋಡಿಸಿ, ಇದ್ದಿಲು, ಉಪ್ಪು ತುಂಬಿಸಿ, ನಡುವೆ ಕೊಳವೆ ಇಳಿಸಿದ್ದರು. ಮನೆಯ ಯಾವ ಯಂತ್ರದಲ್ಲಿ ಕರೆಂಟು ದಾರಿ ತಪ್ಪಿದರೂ ಅದು ತಂತಿ ಹಿಡಿದು ಅಲ್ಲಿಗೆ ಹೋಗಿ ಮಣ್ಣು ಸೇರಬೇಕು. ಆದರೆ ನಮ್ಮ ಕಡೆಯ ಮಣ್ಣು ಬೇಸಿಗೆಯಲ್ಲಿ ಮಡಕೆ ಚೂರಿನ ಹಾಗೆ ಒಣಗುತ್ತದೆ. ಒಣಗಿದ ಮಣ್ಣು ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅದಕ್ಕೇ ವಾರಕ್ಕೊಮ್ಮೆ ಎರಡು ಬಿಂದಿಗೆ ನೀರು ಹಾಕಬೇಕು. ಅಪ್ಪ ತೀರಿಕೊಂಡ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ಆಗ ನಾನು ಎರಡನೇ ಪಿಯುಸಿ.

ಮೊದಲ ಬೇಸಿಗೆಯಲ್ಲಿ ನಾನು ನಿಜವಾಗಿಯೂ ಮರೆತಿದ್ದೆ. ಗೌರಿಬಿದನೂರಿನಿಂದ ಬಂದಿದ್ದ ಚಿಕ್ಕಪ್ಪ ತಣ್ಣೀರು ತೆಗೆದುಕೊಳ್ಳಲು ಬರಿಗಾಲಲ್ಲಿ ಹೋಗಿ ಫ್ರಿಜ್ಜಿನ ಹಿಡಿ ಮುಟ್ಟಿದರು. ಚುರ್ರೆಂದಿತು. ಅವರು ಎರಡು ಹೆಜ್ಜೆ ಹಿಂದಕ್ಕೆ ಹಾರಿ, "ಏನಮ್ಮ ಇದು, ನಿಮ್ಮನೆ ಫ್ರಿಜ್ಜು ಕಚ್ಚುತ್ತಲ್ಲ!" ಎಂದರು. ಅಮ್ಮ ಬಾಯಿಗೆ ಸೆರಗು ಹಿಡಿದು ನಕ್ಕರು. ಅಪ್ಪ ಹೋದ ಮೇಲೆ ಅವರು ನಕ್ಕಿದ್ದು ಅದೇ ಮೊದಲು. ಇದನ್ನು ನೆಪಕ್ಕೆ ಹೇಳುತ್ತಿಲ್ಲ. ಶುರುವಾದದ್ದು ಹಾಗೆ, ಅಷ್ಟೆ.

ಆಮೇಲೆ ಅದು ನಮ್ಮ ಮನೆಯ ಆಟವಾಯಿತು. ಯಾರಾದರೂ ಹೊಸಬರು ಬರುತ್ತಾರೆಂದರೆ ನಾನು ಅಡುಗೆಮನೆ ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದೆ. ನೆಲ ತೇವವಿದ್ದರೆ ಚುರುಕು ಚೆನ್ನಾಗಿ ಹತ್ತುತ್ತದೆ. "ನೆಂಟರು ಬರ್ತಾರೆ ಅಂದ್ರೆ ಸಾಕು, ನಮ್ಮ ಹುಡುಗಿ ನೆಲ ಒರೆಸಿಬಿಡ್ತಾಳೆ" ಎಂದು ಅಮ್ಮ ಪಕ್ಕದ ಮನೆಯವರ ಹತ್ತಿರ ಹೊಗಳುತ್ತಿದ್ದರು. ಕೆಟ್ಟುಹೋದ ಗ್ಯಾಸ್ ಲೈಟರ್ ಬಿಚ್ಚಿ ಅದರ ಟಿಕ್ ಎನ್ನುವ ತುಂಡನ್ನು ಗೆಳತಿಯರ ಮೊಣಕೈಗೆ ಒತ್ತುತ್ತಿದ್ದೆ. ಸೊಳ್ಳೆ ಬ್ಯಾಟನ್ನು ಆರಿಸಿದಂತೆ ಮಾಡಿ "ಹಿಡ್ಕೋ" ಎಂದು ಕೊಡುತ್ತಿದ್ದೆ. ಎಲ್ಲದಕ್ಕಿಂತ ಫ್ರಿಜ್ಜೇ ನನಗೆ ಪ್ರಿಯ. ಅದರಲ್ಲಿ ನನ್ನ ಕೈ ಕಾಣುತ್ತಿರಲಿಲ್ಲ.

ಅಕ್ಕನಿಗೆ ಮದುವೆಯಾದದ್ದು ಆಮೇಲೆ. ಭಾವನದು ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿ. ಹಿಪ್ಪುನೇರಳೆ ತೋಟ, ರೇಷ್ಮೆ ಹುಳುವಿನ ಮನೆ. ಹೊಸ ಅಳಿಯನನ್ನು ಗೋಳು ಹೊಯ್ದುಕೊಳ್ಳುವುದು ನಾದಿನಿಯ ಹಕ್ಕು ಎಂದು ಎಲ್ಲರೂ ಒಪ್ಪುತ್ತಾರೆ. ಮದುವೆಯ ನಂತರ ಮೊದಲ ಸಲ ಮನೆಗೆ ಬಂದ ಅವರಿಗೆ ನಾನು ಚಪ್ಪಲಿ ಬಚ್ಚಿಡಲಿಲ್ಲ, ಕಾಫಿಗೆ ಉಪ್ಪು ಹಾಕಲಿಲ್ಲ.

"ಭಾವ, ಫ್ರಿಜ್ಜಲ್ಲಿ ನಿಮಗೇಂತ ಬಾದಾಮಿ ಹಾಲು ಇಟ್ಟಿದ್ದೀನಿ. ನೀವೇ ತಗೊಳ್ಳಿ."

ಅವರು ಎದ್ದು ಹೋದರು. ಅಕ್ಕ ಆಗಲೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು.

"ಓರಿ ದೇವುಡಾ!"

ಮನೆಯಲ್ಲಿ ಕನ್ನಡವನ್ನೇ ಆಡುವ ಭಾವನಿಗೆ ಗಾಬರಿಯಾದಾಗ ಮಾತ್ರ ತೆಲುಗು ಬರುತ್ತದೆ ಎಂದು ನಮಗೆ ಗೊತ್ತಾದದ್ದು ಆಗ. ಅಕ್ಕ ನಕ್ಕು ನಕ್ಕು ಗೋಡೆಗೆ ಒರಗಿದಳು. ಅವಳೇ ಆ ಹಿಡಿ ಮುಟ್ಟಿದವಳಂತೆ ನಟಿಸಿ, ಕೈಕಾಲು ಅದುರಿಸಿ, ನೆಲಕ್ಕೆ ಬಿದ್ದು, ನಾಲಿಗೆ ಹೊರಚಾಚಿ, "ಓರಿ ದೇವುಡಾ" ಎಂದಳು. ಭಾವನೂ ನಕ್ಕರು. ನಗು ಮುಗಿದ ಮೇಲೆ ಮಾತ್ರ ಹಿತ್ತಲಿಗೆ ಹೋಗಿ ಚಪ್ಪಡಿ ಎತ್ತಿ ನೋಡಿದರು. ತಾವೇ ನಾಲ್ಕು ಬಿಂದಿಗೆ ನೀರು ಹೊತ್ತು ಹಾಕಿದರು. ಅಳಿಯ ನೀರು ಹೊರುವುದನ್ನು ಕಂಡು ಅಮ್ಮ ಬೇಡ ಬೇಡ ಎಂದು ಬಡಿದುಕೊಂಡರು.

"ಇದು ಆಟ ಅಲ್ಲ ಕಣಮ್ಮ" ಎಂದು ಭಾವ ನನಗೆ ಹೇಳಿದರು. "ಇವತ್ತು ಚುರ್ ಅನ್ನೋದು ನಾಳೆ ಹಿಡ್ಕೊಂಡುಬಿಡುತ್ತೆ. ವಾರಕ್ಕೊಂದ್ಸಲ ನೀರು ಹಾಕ್ತೀಯಾ?"

"ಹಾಕ್ತೀನಿ ಭಾವ."

"ಮರೀಬೇಡ."

ಮರೆಯಲಿಲ್ಲ. ಮರೆಯಲಿಲ್ಲ ಎನ್ನುವುದೇ ನಾನು ಇಲ್ಲಿ ಬರೆಯಬೇಕಾದ ಮಾತು. ವಾರಕ್ಕೊಮ್ಮೆ ತಪ್ಪದೆ ನೀರು ಹಾಕಿದೆ. ಫ್ರಿಜ್ಜು ತಣ್ಣಗಾಯಿತು, ಯಾರು ಮುಟ್ಟಿದರೂ ಸುಮ್ಮನಿತ್ತು. ಮುಂದಿನ ಬೇಸಿಗೆಯಲ್ಲಿ ಭಾವನ ತಂಗಿ ಮತ್ತು ಅವಳ ಗಂಡ ನಮ್ಮ ಮನೆಗೆ ಊಟಕ್ಕೆ ಬರುತ್ತಾರೆಂದು ಸುದ್ದಿ ಬಂತು. ಹೊಸಬರು. ನಾನು ಬಿಂದಿಗೆ ಎತ್ತುವುದನ್ನು ನಿಲ್ಲಿಸಿದೆ. ಅಮ್ಮ "ನೀರು ಹಾಕಿದ್ಯೇನೇ?" ಎಂದು ಕೇಳಿದಾಗಲೆಲ್ಲ "ಹಾಕಿದೆ" ಎಂದೆ. ದಿನಾ ಬೆಳಿಗ್ಗೆ ಬೆರಳಿನ ಹಿಂಬದಿಯಲ್ಲಿ ಫ್ರಿಜ್ಜನ್ನು ಮುಟ್ಟಿ ನೋಡುತ್ತಿದ್ದೆ, ಬಂತೇ ಎಂದು. ಹತ್ತು ಹನ್ನೆರಡು ದಿನಕ್ಕೆ ಬಂತು. ನನಗೆ ಖುಷಿಯಾಯಿತು.

ಊಟದ ಹಿಂದಿನ ದಿನ ಅಕ್ಕ ಒಬ್ಬಳೇ ಬಂದಳು. ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಕೊನೆಯ ನಿದ್ದೆ, ಮುಗಿಸಿ ಎದ್ದಿತ್ತು. ಆ ಜ್ವರ ಬಿಟ್ಟ ಮೇಲೆ ಹುಳು ಸೊಪ್ಪಿಗೆ ಬಾಯಿ ಬಿಟ್ಟುಕೊಂಡೇ ಇರುತ್ತದೆ, ಮನೆ ಬಿಟ್ಟು ಬರುವಂತಿಲ್ಲ. ಹಾಗಾಗಿ ಭಾವ ಅಲ್ಲೇ ಉಳಿದರು.

ಮಾರನೆಯ ಬೆಳಿಗ್ಗೆ ಅಕ್ಕ ವಡೆಗೆ ಉದ್ದು ರುಬ್ಬಲು ಗ್ರೈಂಡರ್ ಹಾಕಿದಳು. ನಾನು ಅಡುಗೆಮನೆ ನೆಲ ಒರೆಸಿ, ನಡುಮನೆಯಲ್ಲಿ ಕುಳಿತು ಕೊತ್ತಂಬರಿ ಬಿಡಿಸುತ್ತಿದ್ದೆ. ಅಮ್ಮ ಮುಂಬಾಗಿಲಲ್ಲಿ ಹೂವಿನವಳ ಹತ್ತಿರ ಮಾತಾಡುತ್ತಿದ್ದರು.

"ಏಯ್, ಗ್ರೈಂಡರೂ ಚುರ್ ಅಂತಿದೆ ಕಣೇ" ಎಂದು ಅಕ್ಕ ಒಳಗಿನಿಂದ ಕೂಗಿದಳು. "ಇದಕ್ಕೂ ಏನಾದ್ರೂ ಮಾಡಿಟ್ಟಿದ್ದೀಯಾ?"

"ಫ್ರಿಜ್ಜು ಮರಿ ಹಾಕಿದೆ ಬಿಡಕ್ಕ!"

ಅವಳು ನಕ್ಕಳು. "ಹೆಸರಿಡೋದಕ್ಕೆ ನಿಮ್ಮ ಭಾವನ್ನ ಕರ್ಸು" ಎಂದಳು.

ಸ್ವಲ್ಪ ಹೊತ್ತಿಗೆ ಪಾತ್ರೆ ಬಿದ್ದ ಸದ್ದಾಯಿತು. ಗ್ರೈಂಡರ್ ತಿರುಗುತ್ತಲೇ ಇತ್ತು. ನಾನು ಕೊತ್ತಂಬರಿ ಕೈಯಲ್ಲೇ ಹಿಡಿದು ಹೋಗಿ ನೋಡಿದೆ. ಅಕ್ಕ ನೆಲದ ಮೇಲೆ ಒರಗಿದ್ದಳು. ಒಂದು ಕೈ ಗ್ರೈಂಡರಿನ ಮೈಗೆ ಅಂಟಿತ್ತು, ತೋಳು ಅದುರುತ್ತಿತ್ತು. ಅಂದು ಭಾವನನ್ನು ಅಣಕಿಸಿ ಬಿದ್ದಿದ್ದಳಲ್ಲ, ಹಾಗೇ.

"ಸಾಕು ಏಳಕ್ಕ" ಎಂದೆ.

ಅವಳು ಏಳಲಿಲ್ಲ.

"ಹಿಟ್ಟೆಲ್ಲ ಚೆಲ್ತಿದೆ, ಏಳು."

ಎರಡು ಸಲ ಹೇಳಿದೆ. ಎರಡನೆಯ ಸಲ ನಾನು ನಗುತ್ತಿದ್ದೆ. ಆ ನಗು ಎಷ್ಟು ಹೊತ್ತು ಇತ್ತು ಎಂದು ನಾನು ಅಳೆಯಲು ನೋಡುತ್ತಲೇ ಇದ್ದೇನೆ. ಒಮ್ಮೊಮ್ಮೆ ನಾಲ್ಕು ಉಸಿರಿನಷ್ಟು ಎನಿಸುತ್ತದೆ, ಒಮ್ಮೊಮ್ಮೆ ಅದಕ್ಕಿಂತ ಹೆಚ್ಚು. ಹಿಂದಿನಿಂದ ಬಂದ ಅಮ್ಮ ಕಿರುಚಿಕೊಂಡು ಓಡಿಹೋಗಿ ಮೇನ್ ಆರಿಸಿದರು. ಆಗ ಅಕ್ಕನ ಕೈ ತಾನಾಗಿ ಬಿಟ್ಟುಕೊಂಡಿತು. ಆಟೊದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ.

ಭಾವ ಬಂದಾಗ ಅವರ ಬೆರಳುಗಳಲ್ಲಿ ಇನ್ನೂ ಸೊಪ್ಪಿನ ಕರೆಯಿತ್ತು. ಗಾಬರಿಯಾದರೆ ತೆಲುಗಿನಲ್ಲಿ ಕೂಗುವವರು ಅಂದು ಯಾವ ಭಾಷೆಯಲ್ಲೂ ಏನೂ ಹೇಳಲಿಲ್ಲ.

ಮೂರನೆಯ ದಿನ ಕರೆಂಟಿನವನು ಬಂದು ಗ್ರೈಂಡರ್ ಬಿಚ್ಚಿ ನೋಡಿದ. ಒಳಗೆ ತಂತಿಯ ಹೊದಿಕೆ ಸುಟ್ಟು ಮೈಗೆ ತಗುಲಿತ್ತು. "ಅರ್ತ್ ಸರಿಯಾಗಿದ್ದಿದ್ರೆ ಫ್ಯೂಸ್ ಹಾರ್ತಿತ್ತು, ಇಷ್ಟಾಗ್ತಿರಲಿಲ್ಲ" ಎಂದ. ಹಿರಿಯರೆಲ್ಲ ಹಣೆಬರಹ ಎಂದರು. ಭಾವ ಎದ್ದು ಹಿತ್ತಲಿಗೆ ಹೋದರು. ಚಪ್ಪಡಿ ಸರಿಸಿ ಒಂದು ಕಡ್ಡಿಯನ್ನು ಗುಂಡಿಯೊಳಗೆ ಚುಚ್ಚಿ ತೆಗೆದರು. ಕಡ್ಡಿಗೆ ಬರೀ ದೂಳು ಹತ್ತಿತ್ತು. ನಾನು ಬಾಗಿಲಲ್ಲಿ ನಿಂತಿದ್ದೆ. ಅವರು ನನ್ನ ಕಡೆ ನೋಡಲಿಲ್ಲ. ಬಿಂದಿಗೆ ತಂದು ನೀರು ಹಾಕಿದರು.

ಆ ಸಂಜೆ ಅವರು ಅಮ್ಮನಿಗೆ ಹೇಳುತ್ತಿದ್ದುದು ಕೇಳಿಸಿತು. "ಅವಳನ್ನ ಏನೂ ಅನ್ಬೇಡಿ ಅತ್ತೆ. ಚಿಕ್ಕವಳು, ಮರ್ತಿದ್ದಾಳೆ. ನಾನೇ ಫೋನ್ ಮಾಡಿ ನೆನಪಿಸ್ಬೇಕಿತ್ತು."

ಆಮೇಲೆ ಪ್ರತಿ ವರ್ಷ ಅಕ್ಕನ ತಿಥಿಗೆ ಅವರು ಬಂದರು. ಎಡೆ ಇಡುವ ಮುಂಚೆ ಹಿತ್ತಲಿಗೆ ಹೋಗಿ ನೀರು ಹಾಕುತ್ತಿದ್ದರು. ನನಗೆ ಒಂದು ದಿನವೂ ಬಿರುಸು ಮಾತಾಡಲಿಲ್ಲ. ಬರುವಾಗ ನನಗೆಂದು ಚಿಂತಾಮಣಿಯಿಂದ ಮಾವಿನಹಣ್ಣು ತರುತ್ತಿದ್ದರು. ನಾನು ತಿನ್ನುತ್ತಿದ್ದೆ. ಅವರು ಕ್ಷಮಿಸಿದ್ದು ಮರೆತವಳನ್ನು. ಅಂಥವಳು ಈ ಮನೆಯಲ್ಲಿ ಇರಲೇ ಇಲ್ಲ. ಅವಳಿಗೆ ಸಲ್ಲಬೇಕಾದದ್ದನ್ನು ನಾನು ಎಷ್ಟೋ ವರ್ಷ ತೆಗೆದುಕೊಂಡೆ.

ಹೋದ ವರ್ಷದ ತಿಥಿಯ ದಿನ ಅವರು ಬಿಂದಿಗೆ ಎತ್ತುವಾಗ ಸೊಂಟ ಹಿಡಿದುಕೊಂಡರು. ನಾನು ಹತ್ತಿರ ಹೋದೆ.

"ಭಾವ, ನಾನು ಮರ್ತಿರಲಿಲ್ಲ."

"ಏನಮ್ಮ?"

"ನೀರು ಹಾಕೋದನ್ನ. ಬೇಕು ಅಂತಲೇ ಬಿಟ್ಟಿದ್ದೆ. ನಿಮ್ಮ ತಂಗಿ ಬರ್ತಾರೆ ಅಂತ. ಫ್ರಿಜ್ಜು ಚುರ್ ಅನ್ಲಿ ಅಂತ. ಅಮ್ಮ ಕೇಳಿದಾಗ ಹಾಕಿದೆ ಅಂತ ಸುಳ್ಳು ಹೇಳ್ದೆ."

ಅವರು ಬಿಂದಿಗೆಯನ್ನು ಕಲ್ಲಿನ ಮೇಲೆ ಇಟ್ಟರು.

"ನಿಮ್ಮಕ್ಕನಿಗೆ ಗೊತ್ತಿತ್ತಾ?"

"ಇಲ್ಲ ಭಾವ. ನೀರು ಬಿಟ್ಟಿದ್ದು ಗೊತ್ತಿರಲಿಲ್ಲ."

ಇನ್ನೇನಾದರೂ ಕೇಳುತ್ತಾರೆಂದು ಕಾದೆ. ಬೈಯಲಿ ಎಂದುಕೊಂಡೆ. ಅವರು ಒಳಗೆ ಹೋಗಿ ಅಕ್ಕನ ಫೋಟೊಗೆ ಕೈಮುಗಿದು, ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟರು. "ಎಲೆ ಹಾಕಿದ್ದೀನಪ್ಪ" ಎಂದು ಅಮ್ಮ ಹಿಂದೆಯೇ ಓಡಿದರು. "ಬಸ್ಸಿಗೆ ಹೊತ್ತಾಯ್ತು ಅತ್ತೆ" ಎಂದರು. ತುಂಬಿದ ಬಿಂದಿಗೆ ಕಲ್ಲಿನ ಮೇಲೆಯೇ ಇತ್ತು. ನಾನು ಸುರಿದೆ. ಸಂಜೆ ಅಮ್ಮನಿಗೂ ಎಲ್ಲ ಹೇಳಿದೆ. ಅವರು ಎರಡು ದಿನ ನನ್ನೊಡನೆ ಮಾತಾಡಲಿಲ್ಲ, ಊಟ ಮಾತ್ರ ಬಡಿಸಿದರು.

ಮೂರು ತಿಂಗಳು ಭಾವನಿಂದ ಏನೂ ಸುದ್ದಿಯಿರಲಿಲ್ಲ. ಆಮೇಲೆ ಒಂದು ಭಾನುವಾರ ಬೆಳಿಗ್ಗೆ ಫೋನು ಬಂತು.

"ನೀರು ಹಾಕಿದ್ಯಾ?"

"ಹಾಕಿದೆ ಭಾವ."

"ಎಷ್ಟು?"

"ಎರಡು ಬಿಂದಿಗೆ."

"ನೋಡ್ಕೊಂಡು ಬಂದು ಹೇಳು."

ಫೋನು ಹಿಡಿದೇ ಹಿತ್ತಲಿಗೆ ಹೋದೆ. ಚಪ್ಪಡಿ ಸರಿಸಿ ಕಡ್ಡಿ ಚುಚ್ಚಿದೆ. ತುದಿಗೆ ಕೆಸರು ಹತ್ತಿತ್ತು. ಹೇಳಿದೆ. ಅವರು ಫೋನು ಇಟ್ಟರು.

ಈಗ ಪ್ರತಿ ಭಾನುವಾರ ಫೋನು ಮಾಡುತ್ತಾರೆ. ಬೇರೆ ಏನೂ ಕೇಳುವುದಿಲ್ಲ, ಹೇಗಿದ್ದೀಯ ಎಂದು ಸಹ. ನನ್ನ ಮಾತನ್ನು ನಂಬುವುದೂ ಇಲ್ಲ, ಪ್ರತಿ ಸಲ ಹೋಗಿ ನೋಡಿ ಬರಲು ಹೇಳುತ್ತಾರೆ. ನಾನು ಹೋಗಿ ನೋಡಿ ಬರುತ್ತೇನೆ.