ಅಣ್ಣನ ಬಿಳಿ ರಕ್ತ

ಗುಂಡ್ಲುಪೇಟೆಯ ಒಂದು ಸಣ್ಣ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು ನಾನು. ಪರೀಕ್ಷೆಗೆ ಎರಡು ದಿನ ಇದೆ ಅನ್ನುವಾಗ ಮುದ್ದೆ, ಸೊಪ್ಪಿನಸಾರು ಶುರು ಮಾಡಿ, ರಕ್ತ ಕೊಟ್ಟ ಕೂಡಲೇ ಎದುರಿನ ಹೋಟೆಲಿಗೆ ನುಗ್ಗುವ ಸಕ್ಕರೆ ಕಾಯಿಲೆಯವರನ್ನು ದಿನಾ ನೋಡುತ್ತೇನೆ. ಮೈಯೆಲ್ಲ ಉರಿಯುತ್ತದೆ. ಅಂಥವರಲ್ಲಿ ನನ್ನ ಒಡಹುಟ್ಟಿದ ಅಣ್ಣನೂ ಒಬ್ಬ. ತೆರಕಣಾಂಬಿಯಲ್ಲಿ ಬಾಳೆ ವ್ಯಾಪಾರ ಅವನದು. ಕೇರಳದ ಲಾರಿಗಳಿಗೆ ಗೊನೆ ತುಂಬಿಸುತ್ತಿದ್ದ.

ಎರಡು ವರ್ಷದ ಹಿಂದೆ ಡಾಕ್ಟರ ಚೀಟಿ ಹಿಡಿದು ಖಾಲಿ ಹೊಟ್ಟೆಯಲ್ಲಿ ಬಂದ. ರಕ್ತ ತೆಗೆದು ಟ್ಯೂಬನ್ನು ಯಂತ್ರದಲ್ಲಿ ತಿರುಗಿಸಿದೆ. ಕೆಂಪು ಕೆಳಗಿಳಿದು ಮೇಲೆ ತಿಳಿ ಹಳದಿ ನೀರು ನಿಲ್ಲಬೇಕು. ಅಣ್ಣನ ಟ್ಯೂಬಿನಲ್ಲಿ ಗಟ್ಟಿ ಹಾಲಿನಂಥದ್ದು ನಿಂತಿತ್ತು. ಅಷ್ಟೂ ಕೊಬ್ಬು. ಅವನಿಗೆ ತೋರಿಸಿದರೆ ಸಿಟ್ಟು ಬಂತು.

“ಯಾರೋ ಬಾಡು ತಿನ್ನೋರ್ದು ಅದಲುಬದಲಾಗ್ಬುಟ್ಟದ ನೋಡು. ಲಿಂಗ ಕಟ್ಟಿದ್ ಮನ ನಮ್ದು. ಮೊಟ್ಟನೂ ಮುಟ್ದೆ ಇರೋನ್ಗ ಕೊಬ್ಬು ಎಲ್ಲಿಂದ ಬಂದದು?”

ಅವನ ಕಣ್ಣೆದುರಿಗೇ ಇನ್ನೊಮ್ಮೆ ತೆಗೆದು ತಿರುಗಿಸಿದೆ. ಮತ್ತೆ ಅದೇ. ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿ ನಕ್ಕುಬಿಟ್ಟ.

“ಕೊಟ್ಟಿಗ ತುಂಬ ದನ ಕಟ್ಟಿದ್ ಮನ ಅಲ್ವಾ, ರಕ್ತದಲ್ಲೂ ಹಾಲೇ ಅದ ಕಣಮ್ಮಿ!”

ಸಂತೆಮರಹಳ್ಳಿಯ ನೆಂಟರವರೆಗೂ ಈ ಮಾತನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ.

ನಾನು ಅವತ್ತೇ ಬಿಡಿಸಿ ಹೇಳಿದ್ದೆ. ಬಾಡು ತಿಂದರೆ ಮಾತ್ರ ಕೊಬ್ಬು ಬರುತ್ತದೆ ಅಂತೇನಿಲ್ಲ. ಸಕ್ಕರೆ ಹತೋಟಿ ತಪ್ಪಿದರೆ ರಕ್ತದಲ್ಲಿನ ಕೊಬ್ಬು ಕರಗುವುದೂ ನಿಲ್ಲುತ್ತದೆ, ಮೇಲಿಂದ ಮೇಲೆ ತಿಂದ ಅನ್ನ, ಬೆಲ್ಲವನ್ನೆಲ್ಲ ಲಿವರ್ ಕೊಬ್ಬು ಮಾಡಿಡುತ್ತದೆ. ಸಕ್ಕರೆ ಇಳಿಸು, ಇದೂ ಇಳಿಯುತ್ತದೆ ಅಂದೆ.

“ಆಯ್ತು ಬುಡು. ನಿಮ್ಮತ್ತಿಗ್ಗ ಮಾತ್ರ ಏಳ್ಬ್ಯಾಡ, ಅನ್ನ ಕಿತ್ಕೊಬುಡ್ತಾಳ.”

ಹೇಳಲಿಲ್ಲ. ರಿಪೋರ್ಟು ಯಾರದೋ ಅವರ ಕೈಗೆ ಮಾತ್ರ ಅನ್ನುವುದು ನಮ್ಮ ಲ್ಯಾಬಿನ ನಿಯಮ, ನಿಯಮ ಪಾಲಿಸುತ್ತೇನೆ ಅನ್ನುವ ಜಂಬವೂ ನನಗಿತ್ತು. ಡಾಕ್ಟರು ಕೊಟ್ಟ ಮಾತ್ರೆಗಳನ್ನು ಅವನು ಒಂದು ತಿಂಗಳು ನುಂಗಿ ನಿಲ್ಲಿಸಿದ.

ಅತ್ತಿಗೆಗೆ ಅವನು ಹೇಳಿದ್ದು ‘ಕೊಬ್ಬು ಜಾಸ್ತಿ ಅಂತೆ’ ಅಂತ ಮಾತ್ರ, ಸಕ್ಕರೆಯ ಮಾತೇ ಎತ್ತಲಿಲ್ಲ. ಆ ಪುಣ್ಯಾತ್ಗಿತ್ತಿ ತುಪ್ಪ ನಿಲ್ಲಿಸಿದರು, ಎಣ್ಣೆ ನಿಲ್ಲಿಸಿದರು, ಸಾರಿಗೆ ಒಗ್ಗರಣೆಯನ್ನೂ ಬಿಟ್ಟರು. ಗಂಡ ಸೊರಗಬಾರದೆಂದು ಅನ್ನ ಎರಡು ಸೌಟು ಹೆಚ್ಚು ಹಾಕಿದರು. ಊಟವಾದ ಮೇಲೆ ಎರಡು ಪಚ್ಚಬಾಳೆ, ಸಂಜೆಗೆ ಬೆಲ್ಲದ ಪಾಯಸ. ಒಂದು ಭಾನುವಾರ ನಾನೂ ಅಲ್ಲೇ ಉಂಡೆ. ಅಣ್ಣನ ತಟ್ಟೆ ನೋಡಿದೆ. ಅವನು ನನ್ನ ಮುಖ ನೋಡಿದ. ನಾನು ತಲೆ ಬಗ್ಗಿಸಿಕೊಂಡು ಊಟ ಮುಗಿಸಿದೆ.

ಹೋದ ವರ್ಷ ಅವನಿಗೆ ಹೊಟ್ಟೆಯಿಂದ ಬೆನ್ನಿಗೆ ಚುಚ್ಚುವ ನೋವು ಬಂತು. ಚಾಮರಾಜನಗರದ ಆಸ್ಪತ್ರೆಗೆ ಸೇರಿಸಿದೆವು, ಅಲ್ಲಿಂದ ಮೈಸೂರಿಗೆ ಕಳಿಸಿದರು. ಹೊಟ್ಟೆಯೊಳಗಿನ ಮೇದೋಜೀರಕ ಗ್ರಂಥಿ ಊದಿ ಕೊಳೆಯುತ್ತಿದೆ, ರಕ್ತದಲ್ಲಿನ ಕೊಬ್ಬೇ ಕಾರಣ ಅಂದರು. ಆರನೆಯ ದಿನ ಹೋಗಿಬಿಟ್ಟ.

ಮಣ್ಣು ಮಾಡಿ ಬಂದ ಮಾರನೆಯ ದಿನ ಅತ್ತಿಗೆ ನನ್ನನ್ನು ಅಡುಗೆಮನೆಗೆ ಕರೆದರು.

“ಒಂದ್ ತೊಟ್ಟು ತುಪ್ಪ ಬುಡ್ನಿಲ್ಲ ಕಣಮ್ಮಿ. ಆದ್ರೂ ಯಾಕ ಇಂಗಾಯ್ತು?”

ಇನ್ನು ಮುಚ್ಚಿಡಲು ಏನಿತ್ತು. ಸಕ್ಕರೆ, ಅನ್ನ, ಬಾಳೆಹಣ್ಣು, ಬೆಲ್ಲ, ಎಲ್ಲ ಹೇಳಿದೆ. ಅಣ್ಣನಿಗೆ ರಕ್ತ ತೆಗೆದ ದಿನವೇ ಹೇಳಿದ್ದೆ ಅಂತಲೂ ಹೇಳಿದೆ. ಅವರು ಅಳಲಿಲ್ಲ.

“ನೀ ಅವರ್ಗ ಏಳ್ದ, ಸರಿ. ದಿನಾ ಅನ್ನ ಇಕ್ತಿದ್ದೋಳು ನಾನಲ್ವಾ?”