ಪರದೆಯ ನಡುವೆ ಶರ್ಮಿಳಾಳಿಗೊಂದು ಜಾಗ

2016ರ ಜನವರಿಯಲ್ಲಿ ಮುಂಬಯಿ ಹತ್ತಿರದ ಕಲ್ಯಾಣದ ಒಂದು ಹೋಟೆಲಿನ ಬಿಲ್ಲಿಂಗ್ ಕಂಪ್ಯೂಟರನ್ನು ಬಿಚ್ಚಿಕೊಂಡು ಕೂತಿದ್ದ ಜಯಶೀಲ, ಎದೆ ಹಿಡಿದುಕೊಂಡು ಗೋಡೆಗೆ ಒರಗಿದವನು ಮತ್ತೆ ಏಳಲಿಲ್ಲ. ಅವನಿಗೆ ನಲವತ್ತೇಳು ವರ್ಷ. ಸ್ಕ್ರೂಗಳನ್ನೆಲ್ಲ ಒಂದು ಸ್ಟೀಲಿನ ಬಟ್ಟಲಲ್ಲಿ ಹಾಕಿಟ್ಟಿದ್ದನಂತೆ. ಮರುದಿನ ಬೇರೆ ಯಾರೋ ಬಂದು ಆ ಮೆಷಿನನ್ನು ಜೋಡಿಸಿದರು.

ಅವನ ಅಪ್ಪ ಉಡುಪಿ ಬಳಿಯ ಕಾಪುವಿನ ಕಡೆಯಿಂದ ಠಾಣೆ ನಗರಕ್ಕೆ ಬಂದು ಹೋಟೆಲಲ್ಲಿ ದುಡಿದವರು. ಜಯಶೀಲನೂ ಮಾವನ ಹೋಟೆಲಿನ ಕೌಂಟರಿನಲ್ಲಿ ಎಂಟು ವರ್ಷ ನಿಂತ. ಅಲ್ಲಿ ಬಿಲ್ಲಿಂಗ್ ಮೆಷಿನ್ ಕೆಟ್ಟಾಗ ತಾನೇ ಬಿಚ್ಚಿ ನೋಡಿದ್ದೇ ಅವನ ವಿದ್ಯಾಭ್ಯಾಸ. ಆಮೇಲೆ ಡೊಂಬಿವಲಿ ಪೂರ್ವದ ಸ್ಟೇಷನ್ ಹತ್ತಿರದ ರಿಪೇರಿ ಅಂಗಡಿಯೊಂದಕ್ಕೆ ಸೇರಿದ. ಕಂಪ್ಯೂಟರ್ ಪತ್ರಿಕೆಗಳ ಜೊತೆ ಬರುತ್ತಿದ್ದ ಸೀಡಿಗಳಿಂದ, ವಿಂಡೋಸಿನ ಬದಲು ಬಳಸುವ ಲಿನಕ್ಸ್ ಕಲಿತ. ಅಪ್ಪ ಅಮ್ಮ ಹೋದ ಮೇಲೆ ಡೊಂಬಿವಲಿಯ ಒಂದು ಕೋಣೆ, ಅಡುಗೆಮನೆಯ ಫ್ಲ್ಯಾಟಿನಲ್ಲಿ ಉಳಿದವರು ಅವನು ಮತ್ತು ಅವನಿಗಿಂತ ಆರು ವರ್ಷ ಚಿಕ್ಕವಳಾದ ತಂಗಿ ಶರ್ಮಿಳಾ. ಅವಳು ಬೇಲಾಪುರದ ಒಂದು ಖಾಸಗಿ ಕಚೇರಿಯಲ್ಲಿ ಅರ್ಜಿಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸದಲ್ಲಿದ್ದಳು. ಆ ಕೆಲಸ ಕೊಡಿಸಿದವನು ಅಲ್ಲಿನ ಸೂಪರ್‌ವೈಸರ್, ಮೂಲ್ಕಿ ಕಡೆಯ ಲೋಕನಾಥ.

2007ರ ಮೇ ತಿಂಗಳಲ್ಲಿ ಲೋಕನಾಥ ಅಂಗಡಿಗೇ ಬಂದ. ಶರ್ಮಿಳಾ ತುಂಬಿದ ಅರ್ಜಿಗಳು ಮಾಯವಾಗುತ್ತಿದ್ದವು. ಅರ್ಜಿಯಲ್ಲಿ ಏನಾದರೂ ತಪ್ಪಿದ್ದರೆ ಪರದೆಯ ಬಲಮೂಲೆಯಲ್ಲಿ ಒಂದು ಪುಟ್ಟ ಪೆಟ್ಟಿಗೆ ತೆರೆದು ಉತ್ತರಕ್ಕೆ ಕಾಯುತ್ತದೆ. ಉತ್ತರ ಕೊಡದೆ ಮುಂದೆ ಟೈಪ್ ಮಾಡಿದರೆ ಅದೆಲ್ಲ ಗಾಳಿಗೆ. ಶರ್ಮಿಳಾಳಿಗೆ ಆ ಪೆಟ್ಟಿಗೆ ಕಾಣುತ್ತಲೇ ಇರಲಿಲ್ಲ. ಕಣ್ಣಿನ ಡಾಕ್ಟರು ಹದಿನೈದು ದಿನದ ಹಿಂದೆ ಕಾರಣ ಹೇಳಿದ್ದರು: ನೋಟ ಅಂಚುಗಳಿಂದ ನಡುವಿನ ಕಡೆಗೆ ಕಿರಿದಾಗುತ್ತ ಬರುವ ಕಾಯಿಲೆ, ಔಷಧಿಯಿಲ್ಲ, ಎಷ್ಟು ಬೇಗ ಎಂದು ಹೇಳಲಾಗುವುದಿಲ್ಲ.

"ನಾನೇ ಸೇರಿಸಿದವನು, ನಾನೇ ತೆಗೀಬೇಕಾದ್ರೆ ನಂಗೇನು ಖುಷಿ ಉಂಟಾ ಮಾರಾಯ?" ಎಂದ ಲೋಕನಾಥ. "ಹದಿನೈದು ದಿನ ರಜೆ ಹಾಕಿಸ್ತೇನೆ. ಬಂದು ಎರಡು ಗಂಟೆ ನನ್ನೆದುರು ಕೂತು ನಲವತ್ತು ಫಾರ್ಮ್ ತುಂಬಿಸ್ಲಿ. ಒಂದೂ ಹಾರಬಾರ್ದು. ಹಾರಿದ್ರೆ ನನ್ನ ಕೈಲಿ ಏನೂ ಇಲ್ಲ."

ಕಚೇರಿಯ ಮೆಷಿನಿಗೆ ಕೈ ಹಾಕಬಹುದೇ ಎಂದು ಜಯಶೀಲ ಕೇಳಿದ. ಅದು ಬೇಡವೆಂದೂ, ಬೇಕಾದರೆ ತನ್ನದೇ ಹೊತ್ತುಕೊಂಡು ಬರಬಹುದೆಂದೂ ಲೋಕನಾಥ ಹೇಳಿದ. ಹೋಗುವಾಗ, ಲಿನಕ್ಸಿನಲ್ಲೂ ಓಡುವ ಅರ್ಜಿಯ ಪ್ರೋಗ್ರಾಮಿನ ಒಂದು ಸೀಡಿಯನ್ನು ಮೇಜಿನ ಮೇಲೆ ಮರೆತವನಂತೆ ಬಿಟ್ಟುಹೋದ.

ಜಯಶೀಲನನ್ನು ಕಾಡಿದ್ದು ಹದಿನೈದು ದಿನದ ಗಡುವು ಮಾತ್ರವಲ್ಲ. ಮೂರು ವರ್ಷಗಳಿಂದ ಅವಳ ಭುಜ ಬಾಗಿಲ ಚೌಕಟ್ಟಿಗೆ ಬಡಿಯುತ್ತಿತ್ತು. ಪಕ್ಕದಿಂದ ಚಹಾ ಚಾಚಿದರೆ ಅವಳು ಕೈ ನೀಡುತ್ತಿರಲಿಲ್ಲ. ಠಾಣೆ ಸ್ಟೇಷನ್ನಿನ ಸೇತುವೆಯ ಮೇಲೆ ಜನ ಹೆಚ್ಚಾದರೆ ನಿಂತುಬಿಡುತ್ತಿದ್ದಳು. ಅಷ್ಟೆಲ್ಲಕ್ಕೂ ಅವನು ಹೇಳಿದ್ದು ಎರಡೇ ಮಾತು, ಕನ್ನಡಕ ಬದಲಿಸು, ನೋಡಿಕೊಂಡು ನಡೆ.

ಅವಳನ್ನು ಅಂಗಡಿಗೆ ಕರೆದೊಯ್ದು ತನ್ನ ಮಾನಿಟರಿನ ಮುಂದೆ ಕೂರಿಸಿ, ಕಣ್ಣು ಅಲುಗಿಸಬೇಡ ಎಂದು ಹೇಳಿ, ಕಾಣುವಷ್ಟು ಜಾಗದ ನಾಲ್ಕು ಮೂಲೆಗೆ ಕಾಗದದ ಚೂರು ಅಂಟಿಸಿದ. ಹನ್ನೆರಡು ಬೆರಳು ಅಗಲ, ಎಂಟು ಬೆರಳು ಎತ್ತರ. ಇಡೀ ಕೆಲಸ ಆ ಚೌಕದೊಳಗೆ ನಡೆಯಬೇಕು. ಪರದೆಯಲ್ಲಿ ಯಾವ ಕಿಟಕಿ ಎಲ್ಲಿ ತೆರೆಯಬೇಕು, ಅದರ ಅಂಚು ಎಷ್ಟು ದಪ್ಪವಿರಬೇಕು ಎಂದು ತೀರ್ಮಾನಿಸಲು ಲಿನಕ್ಸಿನಲ್ಲಿ ಒಂದು ತಂತ್ರಾಂಶವಿದೆ. ಅದರ ಮೂಲ ಬರಹ ಯಾರಿಗೆ ಬೇಕಾದರೂ ಸಿಗುತ್ತದೆ. ತಿದ್ದಿ, ಯಂತ್ರ ಓಡಿಸಬಲ್ಲ ರೂಪಕ್ಕೆ ಹೊಸದಾಗಿ ಕಟ್ಟಿಕೊಳ್ಳಬಹುದು. ಜಯಶೀಲ ಅದನ್ನು ಎರಡೇ ದಿನದಲ್ಲಿ ತಿದ್ದಿದ. ಕಿಟಕಿಗಳು ನಡುವಿಗೆ ಬಂದವು, ದಪ್ಪ ಹಳದಿ ಅಂಚಿನೊಂದಿಗೆ. ಮೂಲೆಯಲ್ಲಿದ್ದ ಗಡಿಯಾರ, ಪಟ್ಟಿಗಳನ್ನೆಲ್ಲ ಅಳಿಸಿಹಾಕಿದ. ಕಣ್ಣು ಅತ್ತಿತ್ತ ಹೋಗುವಂಥದ್ದೇನೂ ಇರಬಾರದು.

ಆದರೆ ಆ ಪುಟ್ಟ ಪೆಟ್ಟಿಗೆ ಮಾತ್ರ ಮೂಲೆಯಲ್ಲೇ ತೆರೆಯಿತು. ಅಂಥ ಪೆಟ್ಟಿಗೆಗಳು ಈ ತಂತ್ರಾಂಶವನ್ನು ಕೇಳುವುದೇ ಇಲ್ಲ. ಅದರ ಅಡಿಯಲ್ಲಿ, ಪರದೆಗೆ ನಿಜವಾಗಿ ಚಿತ್ರ ಬರೆಯುವ ಇನ್ನೊಂದು ದೊಡ್ಡ ತಂತ್ರಾಂಶವಿದೆ. ಅವು ನೇರವಾಗಿ ಅದಕ್ಕೇ ಹೇಳಿ ಬಂದುಬಿಡುತ್ತವೆ. ಅಂದರೆ ಅದನ್ನೂ ತಿದ್ದಬೇಕು. ಅವನ ಹಳೆಯ ಮೆಷಿನಿನಲ್ಲಿ ಅದನ್ನು ಕಟ್ಟಲು ಐದು ಗಂಟೆ.

ಜಯಶೀಲನದೇ ಒಂದು ಕ್ರಮವಿತ್ತು. ಯಾವುದನ್ನೂ ಮೊದಲು ಇದ್ದ ಹಾಗೇ ಕಟ್ಟಬೇಕು, ಅದು ನಿಲ್ಲುತ್ತದೆಯೇ ನೋಡಬೇಕು, ಆಮೇಲಷ್ಟೇ ಕೈ ಹಾಕಬೇಕು. ಸೈಬರ್ ಕೆಫೆಯಿಂದ ಇಳಿಸಿಕೊಂಡು ಬಂದ ಮೂಲ ಬರಹವನ್ನು ಅಂಗಡಿಯ ಇನ್ವರ್ಟರಿನ ಭರವಸೆಯಲ್ಲಿ ಅಲ್ಲೇ ಕಟ್ಟಿದ, ನಿಂತಿತು. ಇನ್ವರ್ಟರ್ ಇರುವುದು ಅಂಗಡಿಗೆ, ನಿನ್ನ ಡಬ್ಬಿಗಲ್ಲ ಎಂದು ಮಾಲೀಕರು ಗೊಣಗಿದಾಗ ಮೆಷಿನನ್ನು ಪ್ಲಗ್ ಕಿತ್ತು ಮನೆಗೆ ಹೊತ್ತು ತಂದ. ಹೇಗೂ ಇನ್ನು ಶರ್ಮಿಳಾಳನ್ನು ಎದುರಿಗೆ ಕೂರಿಸಿಕೊಂಡೇ ನೋಡಬೇಕಿತ್ತು.

ಮನೆಯಲ್ಲಿ ಲೋಡ್‌ಶೆಡ್ಡಿಂಗ್. ದಿನವೂ ಬೆಳಿಗ್ಗೆ ಮೂರು ತಾಸು, ಸಂಜೆ ಎರಡು ತಾಸು ಕರೆಂಟಿಲ್ಲ. ಉಳಿದ ಹೊತ್ತಿನಲ್ಲಿ ತಿದ್ದುವುದು, ಕಟ್ಟುವುದು, ನೋಡುವುದು. ಬದಲಾದ ಭಾಗವನ್ನಷ್ಟೇ ಮತ್ತೆ ಕಟ್ಟಿದರೆ ಸಾಕಾದ್ದರಿಂದ ಪ್ರತಿ ಸಲ ಕೆಲವೇ ನಿಮಿಷ. ಪೆಟ್ಟಿಗೆ ಎಲ್ಲಿ ತೆರೆಯಬೇಕೆಂದು ಹೇಳುವ ಸಾಲನ್ನು ಹುಡುಕಿ ಬದಲಿಸಿದ. ಅದು ಮೂಲೆಯಲ್ಲೇ ತೆರೆಯಿತು. ಬೇರೆ ಸಾಲು ಬದಲಿಸಿದ. ಮೂಲೆಯಲ್ಲೇ. ಶರ್ಮಿಳಾ ಅರ್ಜಿ ತುಂಬುತ್ತ ಹೋಗುವಳು, ಪೆಟ್ಟಿಗೆ ಬರುವುದು, ಅವಳ ಬೆರಳುಗಳು ನಿಲ್ಲದೆ ಓಡುತ್ತಲೇ ಇರುವವು. ಜಯಶೀಲ ಹಿಂದೆ ನಿಂತು ನೋಡುವನು. ಬಂತಾ ಎಂದು ಅವಳು ಕೇಳಿದಾಗ ಪ್ರತಿ ಸಲ ಹೌದು ಎನ್ನಬೇಕಾಗುತ್ತಿತ್ತು.

ಆರನೆಯ ದಿನ, ಏಳನೆಯ ದಿನ, ಎಂಟನೆಯ ದಿನ. ತಾನು ಬರೆದದ್ದು ಓಡುತ್ತಿದೆಯೇ ಎಂದು ತಿಳಿಯಲು, ಶುರುವಾಗುವಾಗ ತನ್ನ ಹೆಸರನ್ನು ತೋರಿಸುವ ಒಂದು ಸಾಲು ಸೇರಿಸಿದ. ಹೆಸರೂ ಬರಲಿಲ್ಲ. ಹಳೆಯ ಪ್ರತಿ ಎಲ್ಲೋ ಅಡಗಿರಬೇಕೆಂದು ಹುಡುಕಿ ಅಳಿಸಿದ, ಮತ್ತೆ ಹಾಕಿದ. ಅದಕ್ಕೆ ಎರಡು ದಿನ ಹೋದವು. ಮುಟ್ಟಿದ್ದು ಯಾವುದೂ ಬದಲಾಗುತ್ತಿಲ್ಲ. ತನಗೆ ಈ ಕೆಲಸ ಬರುವುದೇ ಇಲ್ಲವೇನೋ, ಇಷ್ಟು ವರ್ಷ ಬರುತ್ತದೆಂದು ಎಲ್ಲರನ್ನೂ ನಂಬಿಸಿಕೊಂಡು ಬಂದೆನೇನೋ ಎಂಬ ಹೆದರಿಕೆ ಹೊಕ್ಕಿತು. ಅಂಗಡಿಯಲ್ಲಿ ಗಿರಾಕಿಯ ಮುಂದೆ ಒಂದು ಸಾಮಾನ್ಯ ಕೇಬಲ್ ಜೋಡಿಸುವಾಗಲೂ ಎರಡೆರಡು ಸಲ ನೋಡುತ್ತಿದ್ದ.

ಎದುರುಮನೆಯ ಸಾಬವ್ವ ವಿಜಾಪುರ ಕಡೆಯವಳು. ಬಾಗಿಲು ತೆರೆದಿದ್ದರೆ ಒಳಗೆ ಇಣುಕದೆ ಹೋದವಳಲ್ಲ.

"ಏನೋ ತಮ್ಮಾ, ನಿನ್ನ ಡಬ್ಬ್ಯಾಗಿನ ಬ್ಯಾಳಿ ಇನ್ನೂ ಬೆಂದಿಲ್ಲೇನು? ನಾ ಈ ವಾರದಾಗ ಎಷ್ಟ್ ಸಲ ರೊಟ್ಟಿ ಬಡದೆ ಗೊತ್ತೈತೇನು?"

ಜಯಶೀಲನಿಗೆ ನಗು ಬರಲಿಲ್ಲ. ಶರ್ಮಿಳಾ ನಕ್ಕು, ಒಲೆ ಸರಿ ಇಲ್ಲ ಅವ್ವಾ ಎಂದಳು. ಒಲಿ ಸರಿ ಐತಿ, ಕೂತಾವಗ ನಿದ್ದಿ ಇಲ್ಲ ಎಂದು ಸಾಬವ್ವ ಒಂದು ತಟ್ಟೆ ರೊಟ್ಟಿ ಇಟ್ಟು ಹೋದಳು.

ಹದಿಮೂರನೆಯ ದಿನ ಶನಿವಾರ. ಸೋಮವಾರ ಪರೀಕ್ಷೆ. ಬೆಳಿಗ್ಗೆ ಕರೆಂಟು ಹೋಗುವ ಮೊದಲು ಜಯಶೀಲ ಮತ್ತೊಂದು ಸಲ ಕಟ್ಟಲು ಕೊಟ್ಟು, ಮುಖ ತೊಳೆಯಲು ಹೋದ. ಪರದೆಯ ಮೇಲೆ ಸಾಲುಗಳು ಓಡಿ ನಿಂತವು. ಇಂಥ ಕೆಲಸದಲ್ಲಿ ಎಚ್ಚರಿಕೆಯ ಸಾಲುಗಳು ನೂರಾರು ಬರುತ್ತವೆ. ಬರೆದವರ ಸಣ್ಣಪುಟ್ಟ ಅಶಿಸ್ತುಗಳವು, ಯಾವುದೂ ಕೆಲಸ ನಿಲ್ಲಿಸುವುದಿಲ್ಲ. ಮೂಲ ಬರಹದಿಂದ ಕಟ್ಟುವವರು ಮೊದಲು ಕಲಿಯುವುದೇ ಅವುಗಳನ್ನು ಓದದೆ ಬಿಡುವುದನ್ನು; ಕೊನೆಯಲ್ಲಿ ತಪ್ಪು ಎಂದು ಬಂದಿದೆಯೇ ಇಲ್ಲವೇ, ಅಷ್ಟೇ ನೋಡುತ್ತಾರೆ. ಜಯಶೀಲನೂ ಹಾಗೇ.

ಶರ್ಮಿಳಾಳಿಗೆ ಹಾಗೆ ಕಣ್ಣಾಡಿಸಲು ಆಗುತ್ತಿರಲಿಲ್ಲ. ಒಂದು ಸಲಕ್ಕೆ ಅವಳಿಗೆ ಕಾಣುವುದು ಒಂದೆರಡು ಸಾಲು. ಮೇಲಾಗಿ ಆರು ವರ್ಷ ಅರ್ಜಿ ಓದಿದವಳು, ಓದದೆ ಬಿಡುವುದು ಗೊತ್ತಿರಲಿಲ್ಲ. ಕುರ್ಚಿ ಎಳೆದುಕೊಂಡು, ಒಂದೊಂದಾಗಿ ಓದಿದಳು.

"ಅಣ್ಣ, ಇಲ್ಲಿ ಬಾ. ಈ ಫೈಲಿನ ತಾರೀಕು ಮುಂದೆ ಬರುವ ದಿನದ್ದು ಅಂತ ಹೇಳ್ತಾ ಉಂಟಲ್ಲ. ಇಲ್ಲೂ ಅದೇ. ಇಲ್ಲೂ. ಎಲ್ಲದರದ್ದೂ ಹಾಗೇ ಉಂಟು."

"ಅದು ಸುಮ್ನೆ ಬರ್ತದೆ."

"ಸುಮ್ನೆ ಯಾಕೆ ಬರ್ತದೆ? ನಮ್ಮಲ್ಲಿ ಹುಟ್ಟಿದ ತಾರೀಕು ಮುಂದಿನ ವರ್ಷದ್ದು ಬರೆದ್ರೆ ಫಾರ್ಮ್ ವಾಪಸ್ ಕಳಿಸ್ತೇವೆ."

ಟವೆಲ್ ಹಿಡಿದೇ ಬಂದ ಜಯಶೀಲ ಮೆಷಿನಿಗೆ ತಾರೀಕು ಕೇಳಿದ. ಅದು 2002ರ ಜನವರಿ ಒಂದು ಎಂದಿತು.

ಅವನು ನೆಲದ ಮೇಲೆಯೇ ಕೂತುಬಿಟ್ಟ. ಮೆಷಿನಿನೊಳಗೆ ಗಡಿಯಾರ ನಡೆಸುವ ಗುಂಡಿಯಂಥ ಒಂದು ಬ್ಯಾಟರಿ ಇರುತ್ತದೆ. ಅದು ಸತ್ತಿತ್ತು. ಅಂಗಡಿಯಿಂದ ಪ್ಲಗ್ ಕಿತ್ತು ತಂದಾಗ ಗಡಿಯಾರ ಐದು ವರ್ಷ ಹಿಂದೆ ಬಿದ್ದಿತ್ತು, ಆಮೇಲೆ ಪ್ರತಿ ಲೋಡ್‌ಶೆಡ್ಡಿಂಗಿನಲ್ಲೂ ಬೀಳುತ್ತಿತ್ತು. ಯಾವ ಭಾಗ ಬದಲಾಗಿದೆ ಎಂದು ಯಂತ್ರ ತಿಳಿಯುವುದು ತಾರೀಕು ನೋಡಿ. ಅಂಗಡಿಯಲ್ಲಿ ಕಟ್ಟಿದ ಭಾಗಗಳು 2007ರವು, ಮನೆಯಲ್ಲಿ ಅವನು ತಿದ್ದಿದ್ದೆಲ್ಲ 2002ರದ್ದು. ಹಳೆಯದೆಂದು ಯಂತ್ರ ಅದನ್ನು ಮುಟ್ಟಲೇ ಇಲ್ಲ. ಇಷ್ಟು ದಿನ ಅವನು ತಿದ್ದಿದ ಒಂದಕ್ಷರವೂ ಒಳಗೆ ಹೋಗಿರಲಿಲ್ಲ. ಮೂಲೆಯಲ್ಲಿದ್ದ ಗಡಿಯಾರವನ್ನು ಅಳಿಸಿದವನೂ ಅವನೇ. ಗಿರಾಕಿಗಳ ಮೆಷಿನ್ ಬಂದರೆ ಆ ಬ್ಯಾಟರಿಯನ್ನೇ ಮೊದಲು ನೋಡುತ್ತಿದ್ದ ಮನುಷ್ಯ.

"ಮೊದ್ಲೇ ಓದ್ಬೇಕಿತ್ತು ನಾನು," ಎಂದ.

ಅವನು ಹೇಳಿದ್ದು ಈ ಸಾಲುಗಳ ಬಗ್ಗೆ ಮಾತ್ರವಲ್ಲ ಎಂದು ಶರ್ಮಿಳಾಳಿಗೆ ಗೊತ್ತಾಯಿತೋ ಏನೋ. ಬ್ಯಾಟರಿ ತರಲು ಅಂಗಡಿಗೆ ಹೊರಟವನಿಗೆ ಚಪ್ಪಲಿ ಎಲ್ಲಿದೆ ಎಂದು ತೋರಿಸಿದಳು.

ಮಧ್ಯಾಹ್ನ ಒಂದಕ್ಕೆ ಕರೆಂಟು ಬಂತು. ಹಳೆಯದನ್ನೆಲ್ಲ ಅಳಿಸಿ, ಮೊದಲಿನಿಂದ ಕಟ್ಟಲು ಕೊಟ್ಟ. ಸಂಜೆ ಆರೂವರೆಗೆ ಮತ್ತೆ ಹೋಗುತ್ತದೆ. ಐದೂವರೆ ಗಂಟೆಯ ಅವಕಾಶ, ಐದು ಗಂಟೆಯ ಕೆಲಸ. ಫ್ಯಾನ್ ಆರಿಸಿ ಕೂತರು, ಅದರಿಂದ ಏನೂ ಆಗದೆಂದು ಇಬ್ಬರಿಗೂ ಗೊತ್ತಿದ್ದರೂ. ಆರೂ ಕಾಲಿಗೆ ಮುಗಿಯಿತು. ಮೊದಲು ಅವನ ಹೆಸರು ಬಂತು. ಶರ್ಮಿಳಾ ಬೇಕೆಂದೇ ತಪ್ಪು ನಂಬರು ಹಾಕಿದಳು. ಅವಳ ಬೆರಳುಗಳು ನಿಂತವು.

"ಬಂತು," ಎಂದಳು.

ಸೋಮವಾರ ಜಯಶೀಲ ಸಿಪಿಯುವನ್ನು ಹಳೆಯ ರಜಾಯಿಯಲ್ಲಿ ಸುತ್ತಿ ಲೋಕಲ್ ರೈಲಿನ ಲಗೇಜ್ ಡಬ್ಬಿಯಲ್ಲಿ ಮಡಿಲಲ್ಲಿಟ್ಟುಕೊಂಡು ಕೂತ. ಠಾಣೆಯಲ್ಲಿ ಗಾಡಿ ಬದಲಿಸಿ, ವಾಶಿಯಲ್ಲಿ ಮತ್ತೊಮ್ಮೆ ಬದಲಿಸಿ ಬೇಲಾಪುರಕ್ಕೆ. ಸೇತುವೆಗಳ ಮೇಲೆ ಶರ್ಮಿಳಾ ಅವನ ಅಂಗಿಯ ಬೆನ್ನು ಹಿಡಿದಿದ್ದಳು. ಕಚೇರಿಯಲ್ಲಿ ಮೊದಲ ಸಲ ಹಚ್ಚಿದಾಗ ಪರದೆ ಕಪ್ಪಾಗಿಯೇ ಉಳಿಯಿತು. ಲೋಕನಾಥ ಗಡಿಯಾರ ನೋಡಿಕೊಂಡ. ಜಯಶೀಲ ಪಕ್ಕದ ತಗಡು ತೆಗೆದು, ಒಳಗಿನ ಒಂದು ಕಾರ್ಡನ್ನು ಒತ್ತಿ ಕೂರಿಸಿದ. ಗಾಡಿಯ ಕುಲುಕಾಟಕ್ಕೆ ಸಡಿಲಾಗಿತ್ತಷ್ಟೆ, ಚಿತ್ರ ಬಂತು. ಅವನನ್ನು ಹೊರಗೆ ಕಳಿಸಿದರು.

ಎರಡು ಗಂಟೆ ಅವನು ಮೆಟ್ಟಿಲ ಮೇಲೆ ಕೂತಿದ್ದ. ಪ್ರತಿ ಸಲ ಬಾಗಿಲು ತೆರೆದಾಗ ಎದ್ದು ನಿಲ್ಲುತ್ತಿದ್ದ. ಕೊನೆಗೆ ಲೋಕನಾಥನೇ ಬಂದ.

"ಮೂವತ್ತಾರು," ಎಂದ. "ನಲವತ್ತಾಗ್ಲಿಲ್ಲ. ಆದ್ರೆ ಒಂದೂ ಹಾರ್ಲಿಲ್ಲ. ಒಂದ್ಕಡೆ ಸುಮ್ನೆ ಕೂತುಬಿಟ್ಳು, ಆಯ್ತು ಇದು ಹಾರಿತು ಅಂದ್ಕೊಂಡೆ. ಬಗ್ಗಿ ನೋಡಿದ್ರೆ ಪೆಟ್ಟಿಗೆಯಲ್ಲಿ ಇದ್ದದ್ದನ್ನ ಪೂರಾ ಓದ್ತಾ ಇದ್ದಾಳೆ. ಇಲ್ಲಿ ಯಾರೂ ಅದನ್ನ ಓದುವುದಿಲ್ಲ ಮಾರಾಯ."

"ಮತ್ತೆ?"

ಲೋಕನಾಥ ಒಳಗೆ ಒಮ್ಮೆ ನೋಡಿದ. "ಆ ಡಬ್ಬಿ ಇಲ್ಲೇ ಬಿಟ್ಟು ಹೋಗು."

ಅದರ ನಂತರ ಒಂಬತ್ತು ವರ್ಷ ಶರ್ಮಿಳಾ ಅದೇ ಕುರ್ಚಿಯಲ್ಲಿ ಕೂತಳು. ಜಯಶೀಲನ ಕಳವಳ ಮಾತ್ರ ಮುಗಿಯಲಿಲ್ಲ. ವರ್ಷಕ್ಕೊಮ್ಮೆ ಅಳೆದು, ಚೌಕ ಕಿರಿದು ಮಾಡಿ ಮತ್ತೆ ಕಟ್ಟುತ್ತಿದ್ದ. ಕಚೇರಿ ಮೆಷಿನ್ ಬದಲಿಸಿತು ಎಂದರೆ ಅವನ ಮುಖ ಬಾಡುತ್ತಿತ್ತು. ಹನ್ನೆರಡು ಬೆರಳಿದ್ದದ್ದು ಒಂಬತ್ತಾಯಿತು, ಏಳಾಯಿತು.

2014ರಲ್ಲಿ ಅವನಿಗೆ ಮೊದಲ ಸಲ ಎದೆನೋವು ಬಂತು. ತಂಗಿಗೆ ಗ್ಯಾಸ್ಟ್ರಿಕ್ ಎಂದ. ಆ ತಿಂಗಳೇ ಕೂತು ಎಲ್ಲವನ್ನೂ ಹೊಸದಾಗಿ ಬರೆದ. ಇನ್ನು ಕಟ್ಟಬೇಕಾಗಿಲ್ಲ, ಎರಡು ಕೀ ಒಟ್ಟಿಗೆ ಒತ್ತಿದರೆ ಚೌಕ ತಾನೇ ಕಿರಿದಾಗುತ್ತದೆ ಎಂದು ತೋರಿಸಿದ. ಇಷ್ಟು ವರ್ಷ ಇಲ್ಲದ ಅವಸರ ಈಗೇಕೆ ಎಂದು ಅವಳು ಕೇಳಿದಳು. ಪ್ರತಿ ಸಲ ಕಟ್ಟಲು ಪುರಸೊತ್ತಿಲ್ಲ ಎಂದ. ಅವಳು ಆ ಕೀಗಳನ್ನು ಮುಟ್ಟಲಿಲ್ಲ, ನೀನೇ ಮಾಡು ಎಂದಳು. ಎರಡು ವರ್ಷ ಅವನೇ ಬೇಲಾಪುರಕ್ಕೆ ಹೋಗಿ ಒತ್ತಿ ಬಂದ.

ಅಣ್ಣ ತೀರಿಹೋಗಿ ಹದಿಮೂರನೆಯ ದಿನದ ಕಾರ್ಯ ಕಳೆದ ಮೇಲೆ ಶರ್ಮಿಳಾ ಕೆಲಸಕ್ಕೆ ಹೋದಳು. ಅರ್ಜಿಗಳ ಎರಡೂ ಬದಿಯ ಅಕ್ಷರಗಳು ತಪ್ಪಿಹೋಗುತ್ತಿದ್ದವು. ಕೆಲವು ತಿಂಗಳಿಂದಲೇ ಹಾಗಿತ್ತು, ಅವಳು ಅಣ್ಣನಿಗೆ ಹೇಳಿರಲಿಲ್ಲ. ಬೇರೆ ಯಾರನ್ನಾದರೂ ಕರೆಸಲೇ ಎಂದು ಲೋಕನಾಥ ಮೆಲ್ಲಗೆ ಕೇಳಿದ. ಬೇಡ ಎಂದಳು. ಅಣ್ಣ ತೋರಿಸಿದ್ದ ಎರಡು ಕೀಗಳ ಮೇಲೆ ಬೆರಳಿಟ್ಟು ಒಮ್ಮೆ ಒತ್ತಿದಳು. ಸಾಲದೆ ಇನ್ನೊಮ್ಮೆ ಒತ್ತಿದಳು. ಆಮೇಲೆ ರಾಶಿಯ ಮೇಲಿನ ಅರ್ಜಿಯನ್ನು ತೆಗೆದುಕೊಂಡಳು.