ಮೇಷ್ಟ್ರ ಬೆರಳು, ಹೊಸ ಚುಕ್ಕಿ

ಕುರುಡು ಮಕ್ಕಳ ಶಾಲೆಯಲ್ಲಿ ದನಿಯೇ ಮುಖ. ಕಂಡವರ ದನಿಯನ್ನೆಲ್ಲ ಅನುಕರಿಸುವ ಚಟದ ನನಗೆ ಅಂಥ ಕಡೆ ಗುಮಾಸ್ತೆ ಕೆಲಸ ಕೊಟ್ಟವರ ಬುದ್ಧಿಗೆ ಏನೆನ್ನಲಿ? ಚಾಮರಾಜಪುರಂನ ನಮ್ಮ ಮನೆಯಲ್ಲಿ ನಾನು ನನ್ನದೇ ದನಿಯಲ್ಲಿ ಮಾತಾಡಿದರೆ ಅಮ್ಮ, "ಇವತ್ತು ಯಾರೋ ನೀನು?" ಎನ್ನುತ್ತಿದ್ದಳು.

ಅಲ್ಲಿಯವರೆಗೆ ಪ್ರಾಂತಕ್ಕೊಂದಾಗಿದ್ದ ಬ್ರೈಲ್ ಚುಕ್ಕಿ ಲಿಪಿ ಆ ವರ್ಷ ದೇಶಕ್ಕೆಲ್ಲ ಒಂದೇ ಎಂದಾಯಿತು. ಬದಲಾವಣೆಗೆಂದು ಸರ್ಕಾರ ನಮ್ಮ ಶಾಲೆಗೂ ಅನುದಾನ ಕೊಟ್ಟಿತು: ಹೊಸ ಪುಸ್ತಕ, ದಪ್ಪ ಕಾಗದ, ಮೇಷ್ಟ್ರಿಗೆ ಆರು ತಿಂಗಳ ತರಬೇತಿ. ನಡುವೆ ಅಧಿಕಾರಿ ಬಂದು ಪರೀಕ್ಷಿಸುವರು. ಹೊಸ ಲಿಪಿ ಓದಲಾರದವರಿಗೆ ಪಾಠದ ಕೆಲಸವಿಲ್ಲ.

ನಮ್ಮ ಮೇಷ್ಟ್ರು ಹುಟ್ಟು ಕುರುಡರು. ಹಳೆಯ ಲಿಪಿ ಓದಿ ಪಳಗಿದ ಬೆರಳು. ಅದೇ ಆರು ಚುಕ್ಕಿ, ಆದರೆ ಅಕ್ಷರ ಬೇರೆ. ಸಂಜೆ, ದೀಪದ ಹಂಗಿಲ್ಲದ ಕೋಣೆಯಲ್ಲಿ ಅವರು ಹೊಸ ಪುಟ ಓದುವಾಗ ಬೆರಳು ಹಳೆಯದಕ್ಕೇ ಜಾರುವುದು. ಬಾಯಿಂದ "ತಜಳ ಮೊಗೆ ಉಷಡ" ಎಂದು ಯಾವ ಭಾಷೆಯೂ ಅಲ್ಲದ್ದು, ಪಾಠದ ರಾಗದಲ್ಲೇ ಹೊರಡುವುದು. ಕತ್ತಲಲ್ಲಿ ಸಾಲಾಗಿ ಕೂತ ಮಕ್ಕಳು ಅದನ್ನೇ ಒಟ್ಟಾಗಿ ಒಪ್ಪಿಸುವರು. ಬಾಗಿಲಲ್ಲಿ ನಿಂತು ನಾನೂ ಅದನ್ನು ಬಾಯಿಪಾಠ ಮಾಡಿಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಊಟದ ಮನೆಯಲ್ಲಿ ಅದನ್ನು ಮೇಷ್ಟ್ರ ದನಿಯಲ್ಲೇ ಹೇಳಿದೆ. ಯಾರೂ ನಗಲಿಲ್ಲ. ಮುದ್ದೆ ಮುರಿಯುತ್ತಿದ್ದ ಕೈಗಳು ನಿಂತವು. ಮುಖಗಳೆಲ್ಲ ನನ್ನತ್ತ ತಿರುಗಿದವು. ಅದೇ ಹೊತ್ತಿಗೆ ಆಚೆ ತುದಿಯಲ್ಲಿ ಮೇಷ್ಟ್ರು ಕೆಮ್ಮಿದರು. ಮುಖಗಳು ಅತ್ತ ತಿರುಗಿ, ಮತ್ತೆ ಮೆಲ್ಲಗೆ ಇತ್ತ ತಿರುಗಿದವು.

"ಇಬ್ರು ಮೇಷ್ಟ್ರು ಅವ್ರಾ?" ಎಂದು ಒಬ್ಬ ಪುಟ್ಟವನು ಅಳತೊಡಗಿದ.

ಪರೀಕ್ಷೆಯ ದಿನ ಮೇಷ್ಟ್ರಿಗೆ ಹೇಳಿದೆ: "ನೀವು ಸುಮ್ನೆ ಕೈ ಆಡ್ಸಿ, ತುಟಿ ಅಲ್ಲಾಡ್ಸಿ. ನಿಮ್ಮ ಹಿಂದಿನ ಕಿಟಕಿ ಆಚೆ ನಿಂತು ನಾನು ನಿಮ್ಮ ದನೀಲಿ ಓದ್ಬುಡ್ತೀನಿ."

"ನಾಳೆ ಪಾಠ ಯಾರು ಮಾಡೋದು ಕಣಯ್ಯ? ನೀನಾ, ಕಿಟಕೀನಾ?" ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, "ಮಕ್ಕಳು ಆಗ್ಲೇ ಹೆದರವೆ. ನನ್ನ ದನಿ ನಂಗೆ ಬಿಟ್ಬುಡು."

ಅವರೇ ಓದಿದರು. ಮೂರು ಸಾಲಿಗೆ ಅರ್ಧ ಗಂಟೆ. ಎರಡು ಸಲ ಆ ಭಾಷೆಯಲ್ಲದ ಭಾಷೆ ಹೊರಟಿತು. ಅಧಿಕಾರಿ ಏಳಲೆಂದು ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. ಮೇಷ್ಟ್ರು ಬೆರಳು ಒದರಿ ಸಾಲಿನ ಮೊದಲಿಗೆ ಬಂದು, ಈ ಸಲ ಸರಿಯಾಗಿ ಓದಿ ಮುಗಿಸಿದರು.

"ತರಬೇತಿ ಅನುದಾನ ಇನ್ನೂ ಮೂರು ತಿಂಗಳಿದೆ ಮೇಷ್ಟ್ರೇ," ಎಂದರು ಅಧಿಕಾರಿ. "ಆಗ ಮತ್ತೆ ಬರ್ತೀನಿ. ಅಲ್ಲೀವರ್ಗೂ ಪಾಠ ನಿಮ್ಮದೇ."

ಮಾರನೆಯ ದಿನ ಮೇಷ್ಟ್ರು ಹೊಸ ಪುಸ್ತಕದಿಂದ ಒಂದಕ್ಷರ ಹೇಳಿದರು. ಮಕ್ಕಳು ಒಪ್ಪಿಸಲಿಲ್ಲ. ಮುಂದಿನ ಸಾಲಿನವನು ಎದ್ದು, ತಡವುತ್ತಾ ಬಂದು ಅವರ ಗಲ್ಲ ಮುಟ್ಟಿ ನೋಡಿದ. "ಇವ್ರೇ ಕಣ್ರೋ," ಎಂದ. ಆಮೇಲೆ ಎಲ್ಲರೂ ಒಪ್ಪಿಸಿದರು.